ಒಂದು ಪುಸ್ತಕದ ಕೈ ಹಿಡಿದು ಇನ್ನೊಂದರ ಮನೆಗೆ

“ಓದೋ ಆಸೆ ಭಾಳ ಐತ್ರಿ. ಆದರ ಯಾವ ಪುಸ್ತಕ ಓದಬೇಕು ಅಂತ ಹೇಳೋರು ಯಾರು?”

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನಾಲ್ಕು ಜನ ಹೆಣ್ಣುಮಕ್ಕಳು ಕೂಡಿದಲ್ಲಿ ಈ ಮಾತು ಕೇಳಿಬರುವುದುಂಟು. ನಮ್ಮಲ್ಲಿ ಅನೇಕರು ಒಬ್ಬಿಬ್ಬರು ಲೇಖಕಿಯರನ್ನು ನೆಚ್ಚಿಕೊಂಡು, ಅವರ ಕಾದಂಬರಿಗಳು ಮುಗಿದ ಮೇಲೆ ಓದುವುದನ್ನೇ ಬಿಟ್ಟುಬಿಡುತ್ತೇವೆ. ಎಣ್ಣೆಗಾಯಿ ಎಷ್ಟು ರುಚಿಯಾದರೂ ದಿನಾ ಅದನ್ನೇ ಉಣ್ಣಲಾದೀತೆ? ಹೊಸ ಪುಸ್ತಕ ಹುಡುಕಲು ಪಂಡಿತರಾಗಬೇಕಿಲ್ಲ. ಓದಿ ಇಷ್ಟವಾದ ಒಂದು ಪುಸ್ತಕ ಇದ್ದರೆ ಸಾಕು, ಅದೇ ಮುಂದಿನದರ ಬಾಗಿಲು ತೋರಿಸುತ್ತದೆ.

ಫಣಿಯಮ್ಮನಿಂದ ಹೊರಟರೆ

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ನಿಮ್ಮಲ್ಲಿ ಅನೇಕರು ಓದಿರಬಹುದು. ಬಾಲ್ಯದಲ್ಲೇ ವಿಧವೆಯಾದ ಮಲೆನಾಡಿನ ಹೆಣ್ಣೊಬ್ಬಳು, ಇನ್ನೊಬ್ಬ ಹುಡುಗಿಯ ತಲೆ ಬೋಳಿಸುವ ಮಾತು ಬಂದಾಗ ಆ ಹುಡುಗಿಯ ಪರ ನಿಲ್ಲುವ ಕಥೆ. ಇದು ನಿಜವಾಗಿ ಬದುಕಿದ್ದ ಹೆಣ್ಣೊಬ್ಬಳ ಕಥೆ. ಇಂದಿರಾ ಅವರು ಕಾದಂಬರಿ ಬರೆಯತೊಡಗಿದ್ದು ನಲವತ್ತು ದಾಟಿದ ಮೇಲೆ ಎಂಬುದೂ ನೆನಪಿರಲಿ.

ಈ ಕಾದಂಬರಿಯನ್ನು ಚಲನಚಿತ್ರ ಮಾಡಿದವರು ಪ್ರೇಮಾ ಕಾರಂತ. ಅವರ ಬಾಳಿನ ಕಥೆ ಬೇಕೆ? ‘ಸೋಲಿಸಬೇಡ ಗೆಲಿಸಯ್ಯ’ ಓದಿ. ಅವರು ಹೇಳಿದ್ದನ್ನು ಬರಹಕ್ಕಿಳಿಸಿದವರು ವೈದೇಹಿ. ಆ ಬರವಣಿಗೆ ಹಿಡಿಸಿದರೆ ವೈದೇಹಿಯವರದೇ ಕಾದಂಬರಿ ‘ಅಸ್ಪೃಶ್ಯರು’ ಇದೆ. ನೋಡಿದಿರಾ, ಒಂದು ಪುಸ್ತಕ ಮೂರಾಯಿತು!

ನಮ್ಮ ಸೀಮೆಯ ಮಾತು

ಸವದತ್ತಿ ಸೀಮೆಯ ಏಣಗಿಯಲ್ಲಿ ಹುಟ್ಟಿ, ನೂರು ವರ್ಷ ದಾಟಿ ಬಾಳಿ, 2017ರಲ್ಲಿ ತೀರಿಕೊಂಡ ರಂಗನಟ ಏಣಗಿ ಬಾಳಪ್ಪನವರ ಹೆಸರು ಕೇಳದವರಾರು? ಅವರ ನೆನಪುಗಳನ್ನು ಗಣೇಶ ಅಮೀನಗಡ ಅವರು ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಎಂದು ಬರೆದುಕೊಟ್ಟಿದ್ದಾರೆ. ನಾಟಕ ಕಂಪನಿಯ ಲೋಕ ಹಿಡಿಸಿತೆಂದರೆ, ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ‘ಕಣ್ಣಾಮುಚ್ಚೇ ಕಾಡೇಗೂಡೇ’, ಉಮಾಶ್ರೀ ಅವರ ‘ಬೆಂಕಿ ಬೆಡಗು’ ಕಾದಿವೆ.

ಇನ್ನು ಕಾದಂಬರಿ. ಹುಕ್ಕೇರಿ ಕಡೆಯ ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಓದುವಾಗ ನಮ್ಮ ಓಣಿಯ ಮಾತೇ ಕೇಳಿದಂತಾಗುತ್ತದೆ. ಗೋಕಾಕ ಕಡೆಯ ಬೆಟಗೇರಿಯ ರಾಘವೇಂದ್ರ ಪಾಟೀಲರ ‘ತೇರು’ ಕಾದಂಬರಿಗೆ 2005ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಅದರ ಹಿಂದಿನ ವರ್ಷ ಅದೇ ಪ್ರಶಸ್ತಿ ಪಡೆದದ್ದು ಕಲಬುರ್ಗಿಯ ಗೀತಾ ನಾಗಭೂಷಣ ಅವರ ‘ಬದುಕು’. ಪುಸ್ತಕದ ಭಾಷೆ ನಮಗೆ ತೊಡಕು ಅನ್ನುವವರು ಇಲ್ಲಿಂದ ಆರಂಭಿಸಬಹುದು.

ದೂರದ ಊರೂ ಬೇಕು

ನಮ್ಮದನ್ನಷ್ಟೇ ಓದಿದರೆ ಕಿಟಕಿ ಮುಚ್ಚಿಕೊಂಡಂತೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ತಲಾಖಿನ ಸುಳಿಗೆ ಸಿಕ್ಕ ಹೆಣ್ಣಿನ ಕಾದಂಬರಿ. ಅದರ ಬೆನ್ನಿಗೇ ಅವರ ಆತ್ಮಕತೆ ‘ಹೊತ್ತು ಕಂತುವ ಮುನ್ನ’ ಓದಿ. ಕಥೆ ಕಟ್ಟಿದ ಕೈ ಎಂಥ ಬಾಳನ್ನು ಬಾಳಿತು ಎಂಬುದು ಆಗ ತಿಳಿಯುತ್ತದೆ. ನೇಮಿಚಂದ್ರ ಅವರ ‘ಯಾದ್ ವಶೇಮ್’ (2007) ಇನ್ನೂ ದೂರ ಕರೆದೊಯ್ಯುತ್ತದೆ: ಹಿಟ್ಲರನ ಜರ್ಮನಿಯಿಂದ ಬೆಂಗಳೂರಿಗೆ ಬಂದು ಉಳಿದ ಯಹೂದಿ ಹುಡುಗಿಯೊಬ್ಬಳು, ಮುಪ್ಪಿನಲ್ಲಿ ತನ್ನವರನ್ನು ಹುಡುಕಿ ಹೊರಡುವ ಕಥೆ.

ಆತ್ಮಕತೆ ಏಕೆ?

“ಕಾದಂಬರಿ ಸರಿ, ಬ್ಯಾರೇದವರ ಸಂಸಾರದ ತಾಪತ್ರಯ ನಮಗ್ಯಾಕ?” ಎನ್ನಬೇಡಿ. ಕಿತ್ತೂರ ಚನ್ನಮ್ಮ 1824ರಲ್ಲಿ ಸೆರೆಸಿಕ್ಕು, 1829ರಲ್ಲಿ ಬೈಲಹೊಂಗಲದಲ್ಲಿ ಪ್ರಾಣ ಬಿಟ್ಟಳು. ಆಕೆಯ ಲಾವಣಿ ಹಾಡುತ್ತೇವೆ, ಸಮಾಧಿಗೆ ಹೂ ಏರಿಸುತ್ತೇವೆ. ಆದರೆ ಆ ಸೆರೆಯ ದಿನಗಳನ್ನು ಆಕೆಯ ಬಾಯಿಂದಲೇ ಕೇಳುವ ಭಾಗ್ಯ ನಮಗಿಲ್ಲ. ಹೆಣ್ಣಿನ ಕಥೆಯನ್ನು ಬೇರೆಯವರು ಹೇಳುವುದು ಒಂದು, ಆಕೆಯೇ ಹೇಳುವುದು ಇನ್ನೊಂದು.

ವಿಜಯಾ ಅವರ ‘ಕುದಿ ಎಸರು’ ಅಂಥದ್ದು. ದಿನಾ ಒಲೆಯ ಮೇಲೆ ಎಸರಿಡುವ ನಮಗೆ ಹೆಸರೇ ಅರ್ಧ ಕಥೆ ಹೇಳುತ್ತದೆ. ಚಿಕ್ಕ ವಯಸ್ಸಿನ ಮದುವೆ, ಮನೆಯೊಳಗಿನ ಹಿಂಸೆ ಎಲ್ಲ ದಾಟಿ ಪತ್ರಕರ್ತೆಯಾದ ಅವರು, ನಾಲ್ಕು ಗೋಡೆಯೊಳಗೆ ನುಂಗಿಕೊಳ್ಳುವ ಮಾತನ್ನು ಮುಚ್ಚುಮರೆಯಿಲ್ಲದೆ ಬರೆದರು. 2019ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಇದಕ್ಕೆ ಸಂದಿತು. ಸಹಿಸಿಕೊಂಡು ಕೂತವಳೊಬ್ಬಳು ಇದನ್ನೋದಿ, “ನಾ ಒಬ್ಬಾಕಿ ಅಲ್ಲ” ಅಂದುಕೊಂಡರೆ ಅದೇನು ಸಣ್ಣ ಮಾತೆ?

ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011) ಓದುವಾಗ ಅವರ ತಾಯಿ ಕೃಷ್ಣಾಬಾಯಿಯವರನ್ನು ಗಮನಿಸಿ. ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗುವಿದ್ದರೂ ನರ್ಸ್ ಕೆಲಸ ಕಲಿಯಲು ಹೊರಟು, ಮುಂದೆ ಮರುಮದುವೆಯಾದ ಹೆಣ್ಣು. ಇಳಿವಯಸ್ಸಿನಲ್ಲಿ ತಮ್ಮ ಬಾಳಿನ ಕಥೆಯನ್ನು ತಾವೇ ಬರೆದಿಟ್ಟಿದ್ದರು.

ಎಲ್ಲಿ ಸಿಗುತ್ತವೆ? ಹೇಗೆ ಓದಬೇಕು?

1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದಾಗ, ಚಂದಾದಾರರ ಮನೆಗೆ ಪುಸ್ತಕ ಕಳಿಸುವ ಪದ್ಧತಿ ಇಟ್ಟರು. ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದೂ ಇದೇ ಗ್ರಂಥಮಾಲೆಯಿಂದ. ತಾವೇ ಆರಿಸದ ಪುಸ್ತಕವೂ ಮನೆಗೆ ಬರುತ್ತಿತ್ತು. ಹೊಸ ರುಚಿ ಹತ್ತಿದ್ದೇ ಹಾಗೆ. ಅದೇ ಉಪಾಯವನ್ನು ನಾವೂ ಮಾಡಬಹುದು.

• ಎಂಟು ಗೆಳತಿಯರು ಕೂಡಿ ಪುಸ್ತಕದ ಭಿಶಿ ಹಾಕಿ. ಒಬ್ಬೊಬ್ಬರು ಒಂದೊಂದು ಪುಸ್ತಕ ಕೊಂಡು, ತಿಂಗಳಿಗೊಮ್ಮೆ ಬದಲಾಯಿಸಿಕೊಳ್ಳಿ. ಒಂದರ ದುಡ್ಡಿಗೆ ಎಂಟು ಓದಿದಂತಾಯಿತು.

• ಊರಿನ ಗ್ರಂಥಾಲಯಕ್ಕೆ, ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ ಹೋಗಿ. ಅದು ಬರೀ ಪೇಪರ್ ಓದುವ ಗಂಡಸರ ಜಾಗ ಅಲ್ಲ. ಬೇಕಾದ ಪುಸ್ತಕ ಇಲ್ಲದಿದ್ದರೆ ಹೆಸರು ಬರೆದುಕೊಟ್ಟು ತರಿಸಲು ಕೇಳಿ.

• ಮುನ್ನುಡಿಯನ್ನು ಹಾರಿಸಬೇಡಿ. ಅಲ್ಲಿ ಬರುವ ಬೇರೆ ಪುಸ್ತಕಗಳ ಹೆಸರನ್ನು ಸಾಮಾನಿನ ಚೀಟಿಯ ಹಾಗೆ ಗುರುತು ಹಾಕಿಕೊಳ್ಳಿ.

• ಒಂದು ಕಾದಂಬರಿ ಆದ ಮೇಲೆ ಒಂದು ಆತ್ಮಕತೆ. ಒಂದು ನಮ್ಮೂರಿನದು, ಒಂದು ಪರಊರಿನದು.

• ಇಪ್ಪತ್ತು ಪುಟ ಓದಿದರೂ ಮನಸ್ಸು ಹತ್ತದಿದ್ದರೆ ಸಂಕೋಚವಿಲ್ಲದೆ ಮುಚ್ಚಿಡಿ. ಪುಸ್ತಕ ಸಿಟ್ಟಾಗುವುದಿಲ್ಲ.

ಹೊತ್ತು ಎಲ್ಲಿಂದ ತರೋಣ ಅಂತೀರಾ? ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಅರ್ಧ ತಾಸು ನಿಮ್ಮದೆಂದು ಹೇಳಿಬಿಡಿ. ಸಂಜೆಯ ಚಹಾ ಹತ್ತು ನಿಮಿಷ ತಡವಾದರೆ ಮನೆ ಬಿದ್ದುಹೋಗುವುದಿಲ್ಲ. ನಾಲ್ಕಾರು ಆತ್ಮಕತೆ ಓದಿದ ಮೇಲೆ ಮಗಳ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳು ಕಣ್ಣಿಗೆ ಬಿದ್ದಾವು. ತವರುಮನೆಯ ನೆನಪನ್ನೋ, ಅಜ್ಜಿಯ ಮಾತನ್ನೋ ಬರೆದಿಡಿ. ಅಚ್ಚಾಗದಿದ್ದರೇನಂತೆ, ಮೊಮ್ಮಕ್ಕಳು ನಿಮ್ಮ ಮಾತನ್ನು ನಿಮ್ಮಿಂದಲೇ ಕೇಳಿದಂತಾಯಿತಲ್ಲ.