ಪರದೆಯ ಹಿಂದೆ ಕೂತು ಬೀದರ್ ಆಳಿದವಳು!

ಬೀದರ್ ಪಕ್ಕದ ನೌಬಾದಕ್ಕೆ ಹೋದವರೆಲ್ಲ ಕರೇಜಿನ ಬಾವಿಗಳಲ್ಲಿ ಇಣುಕಿ ಬೆರಗಾಗುತ್ತಾರೆ. ನೆಲದಡಿ ಕೊರೆದ ಸುರಂಗ, ಅದರೊಳಗೆ ಯಾರ ಕಣ್ಣಿಗೂ ಬೀಳದೆ ಹರಿಯುವ ನೀರು! ಬಹಮನಿ ರಾಜ್ಯವೇ ಕೆಲಕಾಲ ಹೀಗೆ, ಯಾರ ಕಣ್ಣಿಗೂ ಬೀಳದ ಒಬ್ಬ ಹೆಂಗಸಿನಿಂದ ನಡೆಯಿತು ಅಂದರೆ?

ಅವಳು ಮಖ್ದೂಮಾ-ಇ-ಜಹಾನ್ ನರ್ಗಿಸ್ ಬೇಗಂ. ಗಂಡ ಹುಮಾಯೂನ್ ಶಾ, ಕ್ರೌರ್ಯಕ್ಕೆ 'ಜಾಲಿಮ್' ಎಂದೇ ಹೆಸರಾದವನು. 1461ರಲ್ಲಿ ಅವನು ಸತ್ತಾಗ ಹಿರಿಮಗ ನಿಜಾಮ್ ಶಾಗೆ ಬರೀ ಎಂಟು ವರ್ಷ!

ಆಮೇಲೆ ನಡೆದದ್ದನ್ನು ಇತಿಹಾಸಕಾರ ಫೆರಿಷ್ತಾನ ಬರಹದಲ್ಲಿ ಓದಬೇಕು. ಬೆಳಿಗ್ಗೆ ಮಂತ್ರಿಗಳಾದ ಖ್ವಾಜಾ ಜಹಾನ್, ಮಹಮೂದ್ ಗಾವಾನ್ ಅರಮನೆಗೆ ಬರುತ್ತಾರೆ. ರಾಣಿ ಪರದೆಯ ಹಿಂದೆ. ನಡುವೆ ಮಾಹ್ ಬಾನು ಎಂಬ ಸೇವಕಿ ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ಮುಟ್ಟಿಸುತ್ತಾಳೆ. ಎಲ್ಲ ತೀರ್ಮಾನವಾದ ಮೇಲೆ ಬಾಲಕನನ್ನು ಕರೆತಂದು ಸಿಂಹಾಸನದ ಮೇಲೆ ಕೂರಿಸುತ್ತಾರೆ!

ಮಗು ದೊರೆ ಎಂದರೆ ನೆರೆಯವರು ಬಿಡುತ್ತಾರೆಯೇ? ಒಡಿಶಾದ ಕಪಿಲೇಂದ್ರನ ದಂಡು ಬೀದರಿನ ಹತ್ತಿರದವರೆಗೂ ಬಂದು ಹಿಮ್ಮೆಟ್ಟಿತು. ಮಾಳವದ ಮಹಮೂದ್ ಖಲ್ಜಿ ಬೀದರ್ ಪಟ್ಟಣಕ್ಕೇ ನುಗ್ಗಿದ. ರಾಣಿ ಮಗನನ್ನು ಕಟ್ಟಿಕೊಂಡು ಭೀಮಾ ತೀರದ ಫಿರೋಜಾಬಾದಿಗೆ ಹೋದಳು. ಗುಜರಾತಿನ ಮಹಮೂದ್ ಬೇಗಡಾಗೆ ಸಹಾಯಕ್ಕೆ ಪತ್ರ ಹೋಯಿತು, ಸೈನ್ಯ ಬಂತು, ಖಲ್ಜಿ ಬಂದ ದಾರಿ ಹಿಡಿದ!

1463ರಲ್ಲಿ ಇನ್ನೊಂದು ಸಿಡಿಲು: ನಿಜಾಮ್ ಶಾ ಮದುವೆಯ ರಾತ್ರಿಯೇ ತೀರಿಕೊಂಡ. ರಾಣಿ ಇನ್ನೊಬ್ಬ ಮಗ ಮುಹಮ್ಮದನನ್ನು ಪಟ್ಟಕ್ಕೇರಿಸಿದಳು. ಅಷ್ಟರಲ್ಲಿ ಖ್ವಾಜಾ ಜಹಾನ್ ಗಾವಾನನನ್ನು ಗಡಿಗೆ ಅಟ್ಟಿ ಅಧಿಕಾರವನ್ನೆಲ್ಲ ಮುಷ್ಟಿಯಲ್ಲಿ ಹಿಡಿದಿದ್ದ. 1466ರ ಒಂದು ದಿನ ತುಂಬಿದ ದರ್ಬಾರಿನಲ್ಲಿ ಇಬ್ಬರು ಸೇವಕಿಯರು ಒಳಗಿನಿಂದ ಬಂದು, ನಿನ್ನೆ ಮಾತಾದ ಕೆಲಸ ಈಗ ಆಗಬೇಕೆಂದು ಹುಡುಗ ಸುಲ್ತಾನನಿಗೆ ಕೇಳಿಸುವಂತೆ ಹೇಳಿದರು. ಅವನು ಆಜ್ಞೆ ಕೊಟ್ಟ. ಖ್ವಾಜಾ ಜಹಾನ್ ಅಲ್ಲೇ ಕೊಲೆಯಾದ!

ಇಷ್ಟೆಲ್ಲ ಮಾಡಿದವಳು ಮಗ ದೊಡ್ಡವನಾದಾಗ ರಾಜ್ಯವನ್ನು ಅವನ ಕೈಗಿತ್ತು ತಾನಾಗಿ ಹಿಂದೆ ಸರಿದಳು. ಬೆಳಗಾವಿಯ ದಂಡಯಾತ್ರೆಗೆ ಮಗನ ಜೊತೆ ಹೋದವಳು ಬಿಡಾರದಲ್ಲೇ ಕೊನೆಯುಸಿರೆಳೆದಳು. ಶವವನ್ನು ಬೀದರಿಗೆ ಕಳಿಸಿದರು.

ಮುಂದಿನದು ಬೀದರಿನವರಿಗೆ ಬಾಯಿಪಾಠ. 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಮುಹಮ್ಮದ್ ಶಾ ಗಾವಾನನನ್ನು ಕೊಲ್ಲಿಸಿದ. ಮರುವರ್ಷ ತಾನೂ ಹೋದ, ರಾಜ್ಯ ಹೋಳಾಗತೊಡಗಿತು. ಗಾವಾನನ ಮದರಸಾ ಇಂದಿಗೂ ಊರ ನಡುವೆ ನಿಂತಿದೆ, ಅವನ ಹೆಸರು ಮಕ್ಕಳಿಗೂ ಗೊತ್ತು. ಆ ಗಾವಾನ್ ಯಾರಿಗೆ ಲೆಕ್ಕ ಒಪ್ಪಿಸುತ್ತಿದ್ದನೋ ಆ ತಾಯಿಯ ಹೆಸರನ್ನೂ ನಮ್ಮ ಮಕ್ಕಳು ಕಲಿಯಲಿ.