ಕಿಡ್ನಿ ಉಳಿಸುವ ಹೊಲಿಗೆ

ಕಿಡ್ನಿಯಲ್ಲೊಂದು ಕ್ಯಾನ್ಸರ್ ಗಡ್ಡೆ. ಗಾತ್ರ 3 ಸೆಂಟಿಮೀಟರ್, ಪುಟ್ಟ ನಿಂಬೆಹಣ್ಣಿನಷ್ಟು. ಬಹುಕಾಲ ಇದಕ್ಕಿದ್ದ ಉತ್ತರ ಒಂದೇ: ಇಡೀ ಕಿಡ್ನಿ ತೆಗೆದುಬಿಡಿ, ಇನ್ನೊಂದಿದೆಯಲ್ಲ! ಆದರೆ ಆ ಇನ್ನೊಂದಕ್ಕೆ ಮುಂದೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಗಂಟುಬಿದ್ದರೆ? ಹಾಗಾಗಿ ಗಡ್ಡೆ 4 ಸೆಂಟಿಮೀಟರ್ ಮೀರಿಲ್ಲವೆಂದರೆ, ಸಾಧ್ಯವಿದ್ದಲ್ಲೆಲ್ಲ ಅದನ್ನಷ್ಟೇ ಬಿಡಿಸಿ ತೆಗೆಯುವುದು ಈಗಿನ ಪದ್ಧತಿ.

ಹೇಳಿದಷ್ಟು ಸುಲಭವಲ್ಲ. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಎರಡು ಕಿಡ್ನಿಗಳಿಗೇ ಹೋಗುತ್ತದೆ. ಹಾಗೇ ಕೊಯ್ದರೆ ಕೆರೆ ಕೋಡಿ ಬಿದ್ದಂತೆ. ಅದಕ್ಕೇ ಮೊದಲು ಕಿಡ್ನಿಯ ಅಪಧಮನಿಗೆ ಪುಟ್ಟ ಕ್ಲಾಂಪ್ ಹಾಕಿ, ತೂಬು ಮುಚ್ಚಿದ ಹಾಗೆ ಹರಿವು ನಿಲ್ಲಿಸುತ್ತಾರೆ. ಅಲ್ಲಿಂದ ನಿಮಿಷಗಳ ಲೆಕ್ಕ. ರಕ್ತವಿಲ್ಲದೆ ಜೀವಕೋಶಗಳು ಸೊರಗುತ್ತವೆ. 25 ನಿಮಿಷದೊಳಗೆ ಕ್ಲಾಂಪ್ ತೆಗೆಯಬೇಕೆಂಬುದು ಶಸ್ತ್ರವೈದ್ಯರು ರೂಢಿಯಲ್ಲಿ ಇಟ್ಟುಕೊಂಡಿರುವ ಗಡುವು. ಅಷ್ಟರಲ್ಲಿ ಗಡ್ಡೆ ಬಿಡಿಸಿ, ಬಾಯಿ ತೆರೆದ ರಕ್ತನಾಳಗಳನ್ನು ಹೊಲಿದು, ಉಳಿದ ಕುಳಿ ಮುಚ್ಚಬೇಕು.

ಕೊಯ್ಯುವುದಕ್ಕಿಂತ ಈ ಹೊಲಿಗೆಯೇ ಕಷ್ಟ. ಸಣ್ಣ ರಂಧ್ರಗಳ ಮೂಲಕ ಮಾಡುವ ಸಾಮಾನ್ಯ ಲ್ಯಾಪರೊಸ್ಕೋಪಿಯಲ್ಲಿ ಸೂಜಿ ಹಿಡಿಯುವುದು ಉದ್ದನೆಯ ನೆಟ್ಟಗಿನ ಸಲಾಕೆಗಳು. ಹೊರಗೆ ಕೈ ಎಡಕ್ಕೆ ಹೋದರೆ ಒಳಗೆ ತುದಿ ಬಲಕ್ಕೆ. ಒಲೆಯ ಇಕ್ಕಳದಲ್ಲಿ ಹೂ ಕಟ್ಟಿ ನೋಡಿ, ಅಂದಾಜಾಗುತ್ತದೆ. 2000ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆದ ‘ಡಾ ವಿಂಚಿ’ ಯಂತ್ರ ಆ ಸಲಾಕೆಗಳ ತುದಿಗೆ ಮಣಿಕಟ್ಟು ಕೊಟ್ಟಿತು. ಸುಮಾರು 8 ಮಿಲಿಮೀಟರ್ ರಂಧ್ರದಲ್ಲಿ ಇಳಿದ ತುದಿ, ನಮ್ಮ ಕೈಯಂತೆಯೇ ಬಾಗುತ್ತದೆ, ಹೊರಳುತ್ತದೆ. ವೈದ್ಯರು ಕೆಲವಡಿ ದೂರ ಕೂತು, ಹತ್ತು ಪಟ್ಟು ಹಿಗ್ಗಿದ ಮೂರು ಆಯಾಮದ ಚಿತ್ರ ನೋಡುತ್ತ ಬೆರಳಾಡಿಸುತ್ತಾರೆ. ಕೈಯ ಸಣ್ಣ ನಡುಕ ಯಂತ್ರದಲ್ಲೇ ಸೋಸಿಹೋಗುತ್ತದೆ.

ಈ ಯಂತ್ರಕ್ಕಿರುವ ರೋಬಾಟ್ ಎಂಬ ಹೆಸರು ತುಸು ಉತ್ಪ್ರೇಕ್ಷೆ ಎಂದೇ ನನಗನ್ನಿಸುತ್ತದೆ. ಇದು ತಾನಾಗಿ ಒಂದು ಹೊಲಿಗೆಯನ್ನೂ ಹಾಕದು. ಗಡ್ಡೆಯ ಅಂಚು ಗುರುತಿಸಲು ವೈದ್ಯರು ಕಿಡ್ನಿಯ ಮೇಲೇ ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾರೆ. ಹಳೆಯ ಮಾದರಿಗಳಲ್ಲಿ ದಾರ ಎಷ್ಟು ಬಿಗಿಯಾಯಿತೆಂಬುದು ಬೆರಳಿಗೆ ತಿಳಿಯುವುದಿಲ್ಲ, ಕಣ್ಣಲ್ಲೇ ಅಳೆಯಬೇಕು. ಎಳೆತದ ಬಲವನ್ನು ಕೈಗೆ ಮುಟ್ಟಿಸುವ ಡಾ ವಿಂಚಿ ಮಾದರಿಗೆ ಒಪ್ಪಿಗೆ ಸಿಕ್ಕಿದ್ದು 2024ರಲ್ಲಷ್ಟೇ.

ಕಿಡ್ನಿಗೆ ಒಗ್ಗಿದ್ದು ಎಲ್ಲ ಕಡೆ ಒಗ್ಗದು. ಆರಂಭಿಕ ಹಂತದ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ಹೊಟ್ಟೆ ಕೊಯ್ದು ಮಾಡಿಸಿಕೊಂಡವರಿಗಿಂತ ರಂಧ್ರದ ಮೂಲಕ ಮಾಡಿಸಿಕೊಂಡವರಲ್ಲೇ ರೋಗ ಹೆಚ್ಚು ಮರುಕಳಿಸಿತೆಂದು ತೋರಿಸಿತು. ಗಾಯ ಸಣ್ಣದು, ನಷ್ಟ ದೊಡ್ಡದು.

ಕ್ಲಾಂಪ್ ತೆಗೆದಾಗ ಬಿಳಿಚಿದ್ದ ಕಿಡ್ನಿ ಮತ್ತೆ ಕೆಂಪೇರುತ್ತದೆ. ಬಿಡಿಸಿದ ಗಡ್ಡೆಯನ್ನು ಒಳಗೇ ಪುಟ್ಟ ಚೀಲಕ್ಕೆ ತುಂಬಿ, ಒಂದು ರಂಧ್ರವನ್ನು ತುಸು ಅಗಲಿಸಿ ಹೊರಗೆಳೆಯುತ್ತಾರೆ. ಅದರ ಅಂಚಿನವರೆಗೂ ಕ್ಯಾನ್ಸರ್ ಕೋಶಗಳು ಹಬ್ಬಿದ್ದವೇ? ಉತ್ತರ ಬರುವುದು ಕೆಲವು ದಿನಗಳ ಮೇಲೆ, ಲ್ಯಾಬಿನ ಸೂಕ್ಷ್ಮದರ್ಶಕದಿಂದ.