ಹೊಗೆ ಬೇಡುವ ಮನೆ

ಕುಂಬಳೆ ಸೀಮೆಯಲ್ಲಿರುವ ನಮ್ಮ ಸೋದರಮಾವನ ಮನೆಗೆ ಮುನ್ನೂರು ವರುಷಗಳಾದುವೆಂದು ಹಿರಿಯರ ಮಾತು. ಕಳೆದ ಆಟಿಯಲ್ಲಿ ನಾಲ್ಕು ಇರುಳು ಅಲ್ಲಿ ತಂಗಿದ್ದೆ. ಅಟ್ಟವೇರಿ, ಜಾರಿದ ಹಂಚೊಂದನ್ನು ಮಗುಚಿ ನೋಡಿದರೆ ಬಾಸೆಲ್ ಮಿಶನ್ನಿನ ಮುದ್ರೆ! ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದುದು 1865ರಲ್ಲಿ. ಅದಕ್ಕೆ ಮುನ್ನ ಮುಳಿಹುಲ್ಲಿನ ಹೊದಿಕೆ ಇದ್ದಿರಬೇಕು. ಮುರಕಲ್ಲಿನ ಗೋಡೆಗಳಿಗೆ ಮುದ್ರೆಯಿಲ್ಲ. ಆದುದರಿಂದ ಹಿರಿಯರ ಲೆಕ್ಕವನ್ನು ನಾನು ಅಲ್ಲಗಳೆಯಲಿಲ್ಲ.

ಮೊದಲ ಇರುಳೇ ತಲೆಯ ಮೇಲೆ ಕಿರುಕಿರು ಸದ್ದು. ಇಲಿಯೆಂದು ಭಾವಿಸಿದೆ. ಬೆಳಗ್ಗೆ ಅತ್ತೆ ಹಲಸಿನ ಮರದ ಪಕ್ಕಾಸನ್ನು ತಟ್ಟಿದರು. ಹಿಟ್ಟಿನಂಥ ಹುಡಿ ಉದುರಿತು.

“ಕಟ್ಟಿಗೆಯ ಒಲೆ ಉರಿಯುತ್ತಿದ್ದಷ್ಟು ಕಾಲ ಒಂದು ಹುಳ ಮುಟ್ಟಿರಲಿಲ್ಲ ಮಗಾ. ಗ್ಯಾಸು ಬಂತು, ಹೊಗೆ ಹೋಯಿತು.”

ಗ್ಯಾಸು ತರಿಸಿದವರು ಮಕ್ಕಳು, ತಾಯಿಯ ಉಬ್ಬಸಕ್ಕಾಗಿ. ಅವರನ್ನು ದೂರುವುದೆಂತು? ಮನೆಗೆ ಹೊಗೆ ಬೇಕು, ಅತ್ತೆಗೆ ಹೊಗೆಯಾಗದು. ಈಗ ಮನೆಯನ್ನೇ ಕೆಡವಿ ತಾರಸಿ ಕಟ್ಟಿಸುವ ಮಾತು ನಡೆದಿದೆ. ಅದನ್ನು ತಡೆಯಬೇಕೆಂದು ಅತ್ತೆ ನನ್ನಲ್ಲಿ ಕೇಳಿಕೊಂಡಾಗ ನಾನು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ.

ಹೊರಡುವ ಮುನ್ನಾದಿನ ಸಂಜೆ ಅವರನ್ನು ಹೊರಜಗಲಿಯಲ್ಲಿ ಕುಳ್ಳಿರಿಸಿ, ಹಳೆಯ ಒಲೆಗೆ ಹಸಿ ತೆಂಗಿನ ಸಿಪ್ಪೆ ತುಂಬಿ ಕಿಚ್ಚಿಟ್ಟೆ. ಹೊಗೆ ಅಟ್ಟವನ್ನೆಲ್ಲ ತುಂಬಿ ಹಂಚಿನ ಸಂದುಗಳಿಂದ ಮಳೆಗೆ ಹೊರಟಿತು. ನನ್ನ ಕಣ್ಣಲ್ಲಿ ನೀರು.

ಜಗಲಿಯಿಂದ ಅತ್ತೆ ಕೂಗಿದರು: “ಇನ್ನೆರಡು ಸಿಪ್ಪೆ ಹಾಕು!”